ನೆಲಗಪ್ಪೆಯ ಮೈಮೇಲಣ ಸಕ್ಕರೆ

ಸಕ್ಕರೆಯೆಂದೊಡನೆ ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಡುಗೆಮನೆಯ ಡಬ್ಬ. ಕಾಫಿಗೆ ಎಷ್ಟು ಚಮಚ, ಶಿರಾಕ್ಕೆ ಎಷ್ಟು ಬಟ್ಟಲು, ಜಿಲೇಬಿಯ ಪಾಕ ಎಷ್ಟೆಳೆಗೆ ಬರಬೇಕು ಎಂಬುದೇ ಹೋಟೆಲಿನವರ ಸಕ್ಕರೆಯ ಲೆಕ್ಕ. ಕಚೇರಿಯ ಗುಮಾಸ್ತರಿಗೆ ಅದು ತಿಂಗಳ ಸಾಮಾನಿನ ಚೀಟಿಯಲ್ಲಿ ಒಂದು ಸಾಲು. ವಯಸ್ಸಾದವರಿಗೆ ವೈದ್ಯರು ಪದೇ ಪದೇ ಹೇಳುವ ಎಚ್ಚರಿಕೆ. ಆದರೆ ಮಳೆಗಾಲದ ರಾತ್ರಿ ಮೋರಿಯ ಅಂಚಿನಲ್ಲಿ ಕುಳಿತು ದೀಪದ ಹುಳುಗಳಿಗಾಗಿ ಕಾಯುವ ನೆಲಗಪ್ಪೆಯ ಮೈಮೇಲೆಯೂ ಸಕ್ಕರೆಯಿದೆ, ಆ ಸಕ್ಕರೆಯ ಹೊದಿಕೆಯೇ ಅದರ ಪ್ರಾಣವನ್ನು ಕಾಯುತ್ತಿದೆ ಎಂದರೆ ನಂಬುವವರು ವಿರಳ. ಈ ಸಕ್ಕರೆಯ ಸ್ವರೂಪವೇನು, ನೀರಿನ ಮರಿಯು ನೆಲದ ಪ್ರಾಣಿಯಾಗುವಾಗ ಅದನ್ನು ಒದಗಿಸುವ ಏರ್ಪಾಡು ಹೇಗೆ ಬದಲಾಗುತ್ತದೆ, ಅದನ್ನು ವಿಜ್ಞಾನಿಗಳು ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಪ್ಪೆಯ ಮೈಯ ಲೋಳೆಯಿಂದ ನಮಗೇನಾಗಬೇಕು ಎಂದು ಕೆಲವರು ಕೇಳಬಹುದು. ಕಾರಣ ಎರಡುಂಟು. ಮೊದಲನೆಯದು, ಈ ಪ್ರಾಣಿ ನಮಗೆ ಅಪರಿಚಿತವಲ್ಲ. ಬೆನ್ನತುಂಬ ಗಂಟುಗಳು, ಗಂಟುಗಳ ತುದಿಯಲ್ಲಿ ಕಪ್ಪು ಚುಕ್ಕೆ, ಜಿಗಿಯುವುದಕ್ಕಿಂತ ಕುಪ್ಪಳಿಸಿ ನಡೆಯುವುದೇ ಹೆಚ್ಚು: ಊರಿನಲ್ಲಿ ಬಚ್ಚಲ ಹಿಂದೆ ಕಂಡ ಅದೇ ನೆಲಗಪ್ಪೆಯನ್ನು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿಯೂ ಕಾಣುತ್ತೇವೆ. ೧೭೯೯ರಲ್ಲಿ ಜರ್ಮನಿಯ ಷ್ನೈಡರ್ ಎಂಬ ವಿದ್ವಾಂಸರು ಇದಕ್ಕೆ ಶಾಸ್ತ್ರೀಯ ಹೆಸರನ್ನಿಟ್ಟರು. ೨೦೦೬ರಲ್ಲಿ ಭಾರತೀಯ ಕಪ್ಪೆತಜ್ಞರಾದ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥವಾಗಿ ಇದರ ಕುಲಕ್ಕೆ ದತ್ತಾಫ್ರೈನಸ್ ಎಂಬ ಹೊಸ ಹೆಸರು ಬಂದಿತು. ಎರಡನೆಯ ಕಾರಣವನ್ನು ಲೇಖನದ ಕೊನೆಯಲ್ಲಿ ಹೇಳುವೆವು. ಅದು ನಮ್ಮ ಕೈಯಲ್ಲಿ ಆಗುವ ಒಂದು ಅಪಾಯಕ್ಕೆ ಸಂಬಂಧಿಸಿದುದು.

ಲೋಳೆಯೆಂದರೇನು?

ಬೆಂಡೆಕಾಯಿಯನ್ನು ಹೆಚ್ಚಿದವರಿಗೆ ಲೋಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಫಲೂದಾಕ್ಕೆ ಹಾಕುವ ಕಾಮಕಸ್ತೂರಿ ಬೀಜವು ನೀರಿನಲ್ಲಿ ನೆನೆದೊಡನೆ ಸುತ್ತಲೂ ಪಾರದರ್ಶಕವಾದ ಅಂಗಿಯನ್ನು ತೊಟ್ಟುಕೊಳ್ಳುತ್ತದಷ್ಟೆ, ಅದೂ ಲೋಳೆಯೇ. ರುಬ್ಬಿದ ಉದ್ದಿನ ಹಿಟ್ಟಿನ ಜಿಗುಟಿಗೂ ಇಂತಹುದೇ ವಸ್ತು ಕಾರಣ. ಇಡ್ಲಿ ಹಗುರವಾಗಿ ಉಬ್ಬಿ ನಿಲ್ಲುವುದರಲ್ಲಿ ಉದ್ದಿನ ಈ ಜಿಗುಟು ಸಕ್ಕರೆಸರಪಳಿಗೆ ಪಾಲುಂಟೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ತೋರಿಸಿದರು. ಇವೆಲ್ಲವೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಶರ್ಕರಪಿಷ್ಟಗಳು. ಎಂದರೆ ಸಣ್ಣ ಸಣ್ಣ ಸಕ್ಕರೆಯ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಉದ್ದನೆಯ ಸರಪಳಿಗಳು. ನಾಲಗೆಗೆ ಸಿಹಿಯಿಲ್ಲದಿದ್ದರೂ ವಸ್ತು ಸಕ್ಕರೆಯ ಮನೆತನದ್ದೇ. ನೀರನ್ನು ಹಿಡಿದಿಟ್ಟುಕೊಳ್ಳುವುದು ಇವುಗಳ ಹುಟ್ಟುಗುಣ.

ಪ್ರಾಣಿಗಳ ಲೋಳೆಯ ರಚನೆ ಸ್ವಲ್ಪ ಬೇರೆ. ಅಲ್ಲಿ ನಡುವೆ ಪ್ರೋಟೀನಿನ ಒಂದು ದಾರ. ಆ ದಾರದಿಂದ ಸುತ್ತಲೂ ಚಾಚಿಕೊಂಡಿರುವ ಸಕ್ಕರೆಯ ಚಿಕ್ಕ ಚಿಕ್ಕ ಎಳೆಗಳು. ಹಾಲಿನ ಬಾಟಲಿಯನ್ನು ತೊಳೆಯುವ ಬ್ರಷ್ಷನ್ನು ಕಣ್ಣಮುಂದೆ ತಂದುಕೊಂಡರೆ ಇದರ ಆಕಾರ ತಿಳಿಯುತ್ತದೆ. ನಡುವಣ ತಂತಿ ಪ್ರೋಟೀನು, ಸುತ್ತಲಣ ಕೂದಲು ಸಕ್ಕರೆ. ಇದಕ್ಕೆ ಮ್ಯೂಸಿನ್ ಎಂದು ಹೆಸರು. ಈ ಕೂದಲುಗಳಲ್ಲಿ ಗ್ಯಾಲಕ್ಟೋಸ್, ಫ್ಯೂಕೋಸ್ ಮುಂತಾದ ಕೆಲವೇ ಬಗೆಯ ಸಕ್ಕರೆಗಳು ಬೇರೆ ಬೇರೆ ಕ್ರಮದಲ್ಲಿ ಸೇರಿರುತ್ತವೆ. ಕೆಲವು ಕೂದಲುಗಳ ತುದಿಯಲ್ಲಿ ಸಿಯಾಲಿಕ್ ಆಮ್ಲವೆಂಬ ಹುಳಿಸಕ್ಕರೆಯಿರುತ್ತದೆ. ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ ಎಂಬವರು ೧೯೩೬ರಲ್ಲಿ ದನದ ಜೊಲ್ಲುಗ್ರಂಥಿಯ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಇದರಲ್ಲಿ ಋಣವಿದ್ಯುತ್ತು ಇರುವುದರಿಂದ ಇಂತಹ ತುದಿಗಳು ಒಂದನ್ನೊಂದು ದೂಡುತ್ತವೆ. ದೂಡಿದೆಡೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಲೋಳೆ ನೀರನ್ನು ಹಿಡಿಯುವ ಗುಟ್ಟಿನ ಒಂದು ಮುಖ್ಯ ಭಾಗ ಇದು.

ಚರ್ಮವೇ ಬಾಯಿ, ಚರ್ಮವೇ ಶ್ವಾಸ

ನೆಲಗಪ್ಪೆಗೆ ಈ ನೀರೇಕೆ ಇಷ್ಟು ಮುಖ್ಯ? ಅದು ನಮ್ಮ ಹಾಗೆ ಬಾಯಿಂದ ನೀರು ಕುಡಿಯುವ ಪ್ರಾಣಿಯಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆಯನ್ನು ಊರಿ ಕುಳಿತು, ತೊಡೆಯ ಸಂದಿನ ತೆಳುಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಶ್ವಾಸಕೋಶಗಳಿದ್ದರೂ ಉಸಿರಾಟದ ಒಂದು ಪಾಲು ಚರ್ಮದ ಮೂಲಕವೇ ನಡೆಯುತ್ತದೆ. ಗಾಳಿಯ ಆಮ್ಲಜನಕವು ಮೈಮೇಲಣ ತೇವದಲ್ಲಿ ಕರಗಿ ಒಳಗೆ ಹೋಗಬೇಕು. ಚರ್ಮ ಒಣಗಿದರೆ ಈ ದಾರಿ ಮುಚ್ಚಿದಂತೆಯೇ. ಆದುದರಿಂದ ನೆಲಗಪ್ಪೆಯ ಪಾಲಿಗೆ ಚರ್ಮವೆಂಬುದು ಬರಿಯ ಹೊದಿಕೆಯಲ್ಲ. ನೀರಿನ ಹೂಜಿಯೂ ಅದೇ, ಗಾಳಿಯ ಕಿಟಕಿಯೂ ಅದೇ.

ಈ ಚರ್ಮದಲ್ಲಿ ಮುಖ್ಯವಾಗಿ ಎರಡು ಬಗೆಯ ಗ್ರಂಥಿಗಳಿವೆ. ಒಂದು ಲೋಳೆಗ್ರಂಥಿ. ಚಿಕ್ಕದಾದ ಚೀಲದಂತಿರುವ ಇದು ಮೈತುಂಬ ಹರಡಿದ್ದು, ಸಣ್ಣ ಕೊಳವೆಯ ಮೂಲಕ ಮೇಲಕ್ಕೆ ಲೋಳೆಯನ್ನು ಬಿಡುತ್ತಿರುತ್ತದೆ. ಇನ್ನೊಂದು ವಿಷಗ್ರಂಥಿ, ಇದರ ರಸದಲ್ಲಿ ಕಣಗಳಿರುವುದರಿಂದ ಶಾಸ್ತ್ರಜ್ಞರು ಕಣಗ್ರಂಥಿಯೆಂದೂ ಕರೆಯುವರು. ನೆಲಗಪ್ಪೆಯ ಕಣ್ಣುಗಳ ಹಿಂದೆ ಎರಡೂ ಕಡೆ ಉಬ್ಬಿಕೊಂಡಿರುವ ಗಂಟು ಇಂತಹ ಗ್ರಂಥಿಗಳ ದೊಡ್ಡ ಗುಂಪು. ಅಲ್ಲಿಂದ ಒಸರುವ ಹಾಲಿನಂತಹ ರಸದಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ನೆಲಗಪ್ಪೆಯನ್ನು ಕಚ್ಚಿದ ನಾಯಿ ಬಾಯಿತುಂಬ ಜೊಲ್ಲು ಸುರಿಸುತ್ತ ಒದ್ದಾಡುವುದು ಇದರಿಂದಲೇ. ಮುಟ್ಟಿದರೆ ನರೂಲಿ ಏಳುತ್ತದೆಂಬ ಮಾತು ಮಾತ್ರ ಸುಳ್ಳು. ಮನುಷ್ಯರ ನರೂಲಿಗೆ ಕಾರಣ ಪ್ಯಾಪಿಲೋಮಾ ಎಂಬ ವೈರಸ್ಸು; ಕಪ್ಪೆಯ ಬೆನ್ನಿನ ಗಂಟಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ನೀರಿನ ಮರಿಯ ಅಂಗಿ

ನೆಲಗಪ್ಪೆಯ ಬಾಳು ಪ್ರಾರಂಭವಾಗುವುದೇ ಲೋಳೆಯಲ್ಲಿ. ಇತರ ಕಪ್ಪೆಗಳು ಮೊಟ್ಟೆಗಳನ್ನು ಮುದ್ದೆಯಾಗಿಯೋ ಪದರವಾಗಿಯೋ ಇಡುವುದು ಸಾಮಾನ್ಯ. ನೆಲಗಪ್ಪೆಯಾದರೋ ಉದ್ದನೆಯ ಲೋಳೆಯ ದಾರದಲ್ಲಿ ಕರಿಮಣಿಗಳನ್ನು ಪೋಣಿಸಿದಂತೆ ಇಡುತ್ತದೆ. ಈ ದಾರವೂ ಸಕ್ಕರೆಯೆಳೆಗಳುಳ್ಳ ಮ್ಯೂಸಿನ್ನೇ. ೧೯೯೦ರ ದಶಕದಲ್ಲಿ ಫ್ರಾನ್ಸಿನ ಲಿಲ್ ನಗರದ ಸಂಶೋಧಕರು ಯುರೋಪಿನ ನೆಲಗಪ್ಪೆಯೂ ಸೇರಿದಂತೆ ಅನೇಕ ಜಾತಿಗಳ ಮೊಟ್ಟೆಯ ಲೋಳೆಯನ್ನು ಬಿಡಿಸಿ ನೋಡಿದಾಗ, ಒಂದೊಂದು ಜಾತಿಗೂ ಅದರದೇ ಆದ ಸಕ್ಕರೆಯ ಜೋಡಣೆಯಿರುವುದು ಕಂಡುಬಂದಿತು. ಮನೆಮನೆಗೂ ಸಾರಿನ ಪುಡಿಯ ಹದ ಬೇರೆಯಾಗಿರುವಂತೆ ಎನ್ನೋಣ. ಸಾಮಾನುಗಳು ಅವೇ, ಕೂಡಿಸುವ ಕ್ರಮ ಬೇರೆ.

ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗೆ ಕಾಲಿಲ್ಲ, ಬಾಲವಿದೆ, ಕಿವಿರುಗಳಿವೆ. ಅಲ್ಲಿಂದ ಬಾಲವಳಿದು ಮರಿಗಪ್ಪೆಯಾಗುವವರೆಗಿನ ಬೆಳವಣಿಗೆಯನ್ನು, ಮೊಟ್ಟೆಯ ಸ್ಥಿತಿಯನ್ನೂ ಸೇರಿಸಿಕೊಂಡು, ಅಮೆರಿಕದ ಕೆನೆತ್ ಗಾಸ್ನರ್ ಎಂಬವರು ೧೯೬೦ರಲ್ಲಿ ೪೬ ಹಂತಗಳಾಗಿ ವಿಂಗಡಿಸಿದರು. ಪ್ರಪಂಚದಾದ್ಯಂತ ಸಂಶೋಧಕರು ಈ ಪಟ್ಟಿಯನ್ನು ಅನುಸರಿಸುತ್ತಾರೆ. ೪೨ನೆಯ ಹಂತದಲ್ಲಿ ಮುಂಗಾಲುಗಳು ಹೊರಬರುತ್ತವೆ. ರೂಪಾಂತರದ ತುರುಸಿನ ಘಟ್ಟ ಅಲ್ಲಿಂದ ಮೊದಲು. ೪೬ನೆಯದರಲ್ಲಿ ಬಾಲ ಪೂರ್ತಿ ಮಾಯವಾಗಿರುತ್ತದೆ.

ಇಷ್ಟೆಲ್ಲ ಬದಲಾವಣೆಗೆ ಅಪ್ಪಣೆ ಕೊಡುವುದು ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿ. ೧೯೧೨ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯಿಡನ್ನು ಆಹಾರವಾಗಿ ಕೊಟ್ಟು ನೋಡಿದರು. ಅವು ಬೆಳೆದು ದೊಡ್ಡವಾಗುವುದಕ್ಕೆ ಮೊದಲೇ ಅವಸರದಿಂದ ಕಪ್ಪೆಗಳಾಗತೊಡಗಿದವು. ೧೯೧೬ರಲ್ಲಿ ಬೆನೆಟ್ ಆಲೆನ್ ಎಂಬವರು ಆ ಗ್ರಂಥಿಯನ್ನೇ ತೆಗೆದುಹಾಕಿದಾಗ, ಮರಿಗಳು ದೊಡ್ಡವಾದುವೇ ಹೊರತು ಕಪ್ಪೆಗಳಾಗಲಿಲ್ಲ. ನಾವು ಉಪ್ಪಿನೊಂದಿಗೆ ಸೇವಿಸುವ ಅಯೋಡಿನ್ನೇ ಈ ಗ್ರಂಥಿಯ ರಸಕ್ಕೆ ಬೇಕಾದ ಮೂಲವಸ್ತು. ಬಾಲ ಕರಗುವುದೂ ಕಾಲು ಮೂಡುವುದೂ ಚರ್ಮ ಹೊಸತಾಗುವುದೂ ಈ ಒಂದೇ ರಸದ ಆಜ್ಞೆಯಿಂದ.

ಅರ್ಜೆಂಟೀನದಲ್ಲಿ ಕಂಡುದು

ಹಾಗಾದರೆ ಚರ್ಮದ ಲೋಳೆಯಲ್ಲಿ ಹಂತ ಹಂತವಾಗಿ ಆಗುವುದೇನು? ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶದಲ್ಲಿ ರೈನೆಲ್ಲಾ ಅರೆನಾರಮ್ ಎಂಬ ನೆಲಗಪ್ಪೆಯಿದೆ. ನಮ್ಮ ನೆಲಗಪ್ಪೆಗೆ ಅದು ದೂರದ ದಾಯಾದಿ. ಬ್ಯೂನಸ್ ಐರಿಸ್ ನಗರದ ಸಂಶೋಧಕರು ಅದರ ಚರ್ಮವನ್ನು ಗೊದಮೊಟ್ಟೆಯಿಂದ ಹಿಡಿದು ಪ್ರಾಯದ ಕಪ್ಪೆಯವರೆಗೆ ಪರೀಕ್ಷಿಸಿ ೨೦೧೬ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅದರ ತಿರುಳನ್ನು ಇಲ್ಲಿ ಕೊಡುತ್ತೇವೆ.

ಗೊದಮೊಟ್ಟೆಯ ಚರ್ಮದಲ್ಲಿ ಬಹುಕೋಶದ ಗ್ರಂಥಿಗಳೇ ಇಲ್ಲ. ಅದಕ್ಕೆ ಬದಲಾಗಿ ಹೊರಚರ್ಮದಲ್ಲಿ ಅಲ್ಲಲ್ಲಿ ದೈತ್ಯಕೋಶಗಳೆಂಬ ದೊಡ್ಡ ಒಂಟಿ ಜೀವಕೋಶಗಳಿದ್ದು, ಅವುಗಳೊಳಗೆ ಲೋಳೆಯಂತಹ ವಸ್ತು ತುಂಬಿರುತ್ತದೆ. ಮೇಲೆ ಮೈಯನ್ನೆಲ್ಲ ಆವರಿಸಿದ ತೆಳುವಾದ ಹುಳಿಸಕ್ಕರೆಯ ಲೋಳೆಪದರ ಬೇರೆ. ನೆಲಗಪ್ಪೆಯ ಮರಿಗಳು ಬಾಯಿಗೆ ರುಚಿಸದಿರುವುದಕ್ಕೆ ಈ ಪದರ ಕಾರಣವಿರಬಹುದೆಂದು ಅವರ ಊಹೆ. ದೈತ್ಯಕೋಶಗಳ ಕೆಲಸವೂ ಸ್ವಾರಸ್ಯವಾದುದು. ಒಂದು ಮರಿಗೆ ಗಾಯವಾದರೆ ಅದರ ಚರ್ಮದಿಂದ ನೀರಿಗಿಳಿಯುವ ವಸ್ತುವಿನಿಂದ ಹಿಂಡಿನ ಉಳಿದ ಮರಿಗಳು ಬೆದರಿ ಚದುರುತ್ತವೆಂದು ೧೯೪೯ರಲ್ಲಿಯೇ ಐಬ್ಲ್-ಐಬೆಸ್‌ಫೆಲ್ಟ್ ಎಂಬ ವಿಜ್ಞಾನಿ ಯುರೋಪಿನ ನೆಲಗಪ್ಪೆಯಲ್ಲಿ ಕಂಡಿದ್ದರು. ಆ ಎಚ್ಚರಿಕೆಯ ವಸ್ತು ಈ ದೈತ್ಯಕೋಶಗಳದೇ ಇರಬೇಕೆಂದು ಭಾವಿಸಲಾಗಿದೆ.

ಹಿಂಡಿನ ಮಾತು ಬಂದುದರಿಂದ ನಮ್ಮ ಧಾರವಾಡದ ಹೆಸರನ್ನು ಇಲ್ಲಿ ಹೇಳದಿರುವುದು ನ್ಯಾಯವಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಎಸ್. ಕೆ. ಸೈದಾಪುರ ಮತ್ತು ಅವರ ಸಹೋದ್ಯೋಗಿಯವರು ನಮ್ಮ ಊರಿನ ನೆಲಗಪ್ಪೆಯ ಮರಿಗಳಿಗೆ ಬೇಯಿಸಿದ ಪಾಲಕ್ ಸೊಪ್ಪನ್ನು ತಿನ್ನಿಸಿ ಸಾಕಿ ಪರೀಕ್ಷಿಸಿದರು. ಒಡಹುಟ್ಟಿದವರನ್ನು ಹಿಂದೆ ಎಂದೂ ಕಾಣದೆ ಒಂಟಿಯಾಗಿ ಬೆಳೆದ ಮರಿಯೂ ಪರಕೀಯರನ್ನು ಬಿಟ್ಟು ತನ್ನ ಒಡಹುಟ್ಟುಗಳ ಬಳಿಗೇ ಹೋಗುವುದನ್ನು ೨೦೦೦ದಲ್ಲಿ ಪ್ರಕಟಿಸಿದರು. ಕರಿಯ ಚುಕ್ಕೆಗಳ ಗುಂಪೆಂದು ನಾವು ನೋಡಿ ಹೋಗುವ ಕೊಳದೊಳಗೆ ಬಂಧುಗಳ ಗುರುತೂ ಇದೆಯೆಂದಾಯಿತು.

ಮತ್ತೆ ಅರ್ಜೆಂಟೀನಕ್ಕೆ ಬರೋಣ. ರೂಪಾಂತರದ ತುರುಸಿನ ಘಟ್ಟ ಮೊದಲಾಗುತ್ತಲೇ ದೈತ್ಯಕೋಶಗಳು ಕಾಣೆಯಾಗುತ್ತವೆ. ಅದೇ ಹೊತ್ತಿಗೆ ಬಹುಕೋಶದ ಗ್ರಂಥಿಗಳು ರೂಪುಗೊಳ್ಳತೊಡಗುತ್ತವೆ. ಹಳೆಯ ಅಂಗಡಿಯನ್ನು ಮುಚ್ಚಿ ಹೊಸ ಅಂಗಡಿಯನ್ನು ತೆರೆಯುವ ನಡುವೆ ಮೇಲಣ ಲೋಳೆಪದರ ಮಾತ್ರ ಕಳಚದೆ ಉಳಿದಿರುತ್ತದೆ. ಬಾಲವಳಿದು ಮರಿ ನೆಲ ಮುಟ್ಟುವ ವೇಳೆಗೆ ಲೋಳೆಗ್ರಂಥಿಗಳು ಪೂರ್ಣವಾಗಿ ಬೆಳೆದಿಲ್ಲದಿದ್ದರೂ ಕೆಲಸಕ್ಕೆ ತೊಡಗಿರುತ್ತವೆ, ಲೋಳೆ ಹೊರಬರುತ್ತಿರುತ್ತದೆ. ಆದರೆ ಬೆನ್ನಿನ ವಿಷಗ್ರಂಥಿಗಳಾಗಲಿ ಕಣ್ಣಹಿಂದಣ ಗಂಟುಗಳಾಗಲಿ ಆಗಿನ್ನೂ ಸಿದ್ಧವಾಗಿರುವುದಿಲ್ಲ. ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಸಂಗತಿ ಇದೇ: ಮೊದಲು ತೇವ, ಆಮೇಲೆ ಆಯುಧ. ನೀರನ್ನು ಬಿಟ್ಟು ಬಂದ ಮರಿಯ ಬಳಿ ಆ ಮೊದಲ ದಿನಗಳಲ್ಲಿ ಇರುವ ಆಸ್ತಿಯೆಂದರೆ ಕೂದಲೆಳೆಯಷ್ಟೂ ದಪ್ಪವಿಲ್ಲದ ಸಕ್ಕರೆಯ ಲೋಳೆ ಮಾತ್ರ. ಹೊಸ ಊರಿಗೆ ಬಂದವನಿಗೆ ಮೊದಲ ತಿಂಗಳೇ ಕಠಿಣವೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಗಿರಣಿಯ ಬಣ್ಣ, ಅಡುಗೆಮನೆಯ ಕಾಳು

ಸೂಜಿಮೊನೆಗಿಂತಲೂ ಚಿಕ್ಕದಾದ ಗ್ರಂಥಿಯೊಳಗೆ ಯಾವ ಸಕ್ಕರೆಯಿದೆಯೆಂದು ತಿಳಿಯುವುದು ಹೇಗೆ? ಎಸ್.ಎಸ್.ಎಲ್.ಸಿ.ಯವರೆಗೆ ಓದಿ ಅಲ್ಲಿಂದ ನೇರವಾಗಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಮಗೆ ಈ ಪ್ರಶ್ನೆಯೇ ಹೆಚ್ಚಿನ ಕುತೂಹಲವನ್ನು ಹುಟ್ಟಿಸಿತು. ಉತ್ತರ ನಮ್ಮ ಮಗ್ಗುಲಲ್ಲಿಯೇ ಇತ್ತು.

ಚರ್ಮವನ್ನು ಕಾಗದಕ್ಕಿಂತ ತೆಳುವಾಗಿ ಸೀಳಿ ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಒಂದು ಬಣ್ಣದ ವಿಧಾನವನ್ನು ೧೯೪೬ರಲ್ಲಿ ಮ್ಯಾಕ್‌ಮ್ಯಾನಸ್ ಎಂಬವರು ಲೋಳೆಗೆ ಅನ್ವಯಿಸಿದರು. ಪೆರಿಯೋಡಿಕ್ ಆಮ್ಲವು ಸಕ್ಕರೆಯೊಳಗಿನ ಒಂದು ಕೊಂಡಿಯನ್ನು ಮುರಿಯುತ್ತದೆ; ಮುರಿದೆಡೆಗೆ ಶಿಫ್ ದ್ರಾವಣ ಅಂಟಿಕೊಂಡು, ಸೀರೆಯಂಗಡಿಯವರು ರಾಣಿ ಬಣ್ಣವೆನ್ನುವ ಕೆಂನೇರಳೆ ಮೂಡುತ್ತದೆ. ಹುಳಿಯಲ್ಲದ ಸಕ್ಕರೆಗಳು ಹೀಗೆ ಕಾಣಿಸಿಕೊಳ್ಳುತ್ತವೆ. ಇನ್ನೊಂದು ಬಣ್ಣ ಆಲ್ಸಿಯನ್ ನೀಲಿ. ಇದು ಮೊದಲು ಹತ್ತಿಬಟ್ಟೆಗೆ ಹಾಕಲೆಂದು ಹುಟ್ಟಿದ ಬಣ್ಣ. ೧೯೫೦ರಲ್ಲಿ ಸ್ಟೀಡ್‌ಮನ್ ಎಂಬವರು ಅದನ್ನು ಲೋಳೆಗೆ ಉಪಯೋಗಿಸಿ ತೋರಿಸಿದರು. ಹುಳಿಸಕ್ಕರೆಯಿದ್ದಲ್ಲಿ ಅದು ನೀಲಿಯಾಗಿ ಹಿಡಿಯುತ್ತದೆ. ದ್ರಾವಣದ ಹುಳಿಯನ್ನು ಹೆಚ್ಚಿಸಿದರೆ ಗಂಧಕಾಮ್ಲದ ತುಣುಕು ಕೂಡಿಕೊಂಡಿರುವ ಸಕ್ಕರೆಗೆ ಮಾತ್ರ ಅಂಟುತ್ತದೆ. ಹೀಗೆ ಬಣ್ಣ ಹಾಕಿದಾಗ ಕೆಲವು ಕಪ್ಪೆಜಾತಿಗಳಲ್ಲಿ ಒಂದೇ ಲೋಳೆಗ್ರಂಥಿಯೊಳಗೆ ಅಕ್ಕಪಕ್ಕದ ಎರಡು ಜೀವಕೋಶಗಳು, ಒಂದು ಕೆಂಪಾಗಿ ಇನ್ನೊಂದು ನೀಲಿಯಾಗಿ ನಿಲ್ಲುವುದುಂಟು. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಪಾಕ!

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಗೆ ಬೇಕಾಗುವುದು ನಮ್ಮ ಉಗ್ರಾಣದ ಕಾಳುಗಳು ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ೧೮೮೮ರಲ್ಲಿ, ಇಂದು ಎಸ್ಟೋನಿಯಾ ದೇಶದಲ್ಲಿರುವ ದೋರ್ಪಾತ್ ನಗರದಲ್ಲಿ, ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿಯು ಹರಳುಬೀಜದ ಸಾರವನ್ನು ರಕ್ತಕ್ಕೆ ಬೆರೆಸಿದಾಗ ಕೆಂಪುಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದುವು. ಬೀಜದಲ್ಲಿದ್ದ ಪ್ರೋಟೀನು ಕಣಗಳ ಮೇಲಣ ಸಕ್ಕರೆಯನ್ನು ಹಿಡಿದುಕೊಂಡುದೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಇಂತಹ ಪ್ರೋಟೀನುಗಳಿಗೆ ೧೯೫೪ರಲ್ಲಿ ವಿಲಿಯಂ ಬಾಯ್ಡ್ ಎಂಬವರು ಲೆಕ್ಟಿನ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆರಿಸು ಎಂಬರ್ಥದ ಮಾತಿನಿಂದ ಬಂದುದು. ಹೆಸರು ತಕ್ಕದ್ದೇ. ಒಂದೊಂದು ಕಾಳಿನ ಲೆಕ್ಟಿನ್ನೂ ತನಗೆ ಒಗ್ಗುವ ಸಕ್ಕರೆಯನ್ನೇ ಆರಿಸಿ ಹಿಡಿಯುತ್ತದೆ. ಶೇಂಗಾದ್ದು ಗ್ಯಾಲಕ್ಟೋಸಿನ ಒಂದು ನಿರ್ದಿಷ್ಟ ಜೋಡಣೆಯನ್ನು ಹಿಡಿದರೆ, ಗೋಧಿಯ ಮೊಳಕೆಯದು ಗ್ಲೂಕೋಸಮೀನಿನ ಒಂದು ರೂಪವನ್ನೂ ಸಿಯಾಲಿಕ್ ಆಮ್ಲವನ್ನೂ ಹಿಡಿಯುತ್ತದೆ. ಸೋಯಾದ್ದೂ ನಮ್ಮ ಹುರುಳಿಯದೂ ಗ್ಯಾಲಕ್ಟೋಸಮೀನನ್ನು ಹಿಡಿಯುತ್ತವೆ. ಈ ಲೆಕ್ಟಿನ್ನುಗಳಿಗೆ ಹೊಳೆಯುವ ಬಣ್ಣವನ್ನು ಕಟ್ಟಿ ಚರ್ಮದ ಸೀಳಿನ ಮೇಲೆ ಹನಿಸಿದರೆ, ಯಾವ ಹಂತದಲ್ಲಿ ಯಾವ ಜೀವಕೋಶದಲ್ಲಿ ಯಾವ ಸಕ್ಕರೆಯಿದೆಯೆಂಬುದು ಸೂಕ್ಷ್ಮದರ್ಶಕದಲ್ಲಿ ಬೆಳಗಿ ಕಾಣುತ್ತದೆ. ಬೆಳೆಯುತ್ತಿರುವ ಕಪ್ಪೆಗಳಲ್ಲಿ ಈ ಬೆಳಕಿನ ವಿನ್ಯಾಸ ಹಂತದಿಂದ ಹಂತಕ್ಕೆ ಬದಲಾಗುವುದನ್ನು ಸಂಶೋಧಕರು ಕಂಡಿದ್ದಾರೆ. ಹುರುಳಿಯ ಸಾರು ಉಂಡು ಬೆಳೆದ ನಮಗೆ ಆ ಕಾಳು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಪರೀಕ್ಷಕನಾಗಿ ಕುಳಿತಿರುವ ಸುದ್ದಿ ಸಂತೋಷವನ್ನೇ ಕೊಡುತ್ತದೆ.

ಒಂದು ಸಕ್ಕರೆಯ ಬೆಲೆ

ಇಷ್ಟು ಚಿಕ್ಕ ಸಕ್ಕರೆಯಿಂದ ಏನು ವ್ಯತ್ಯಾಸವಾದೀತು ಎನ್ನುವವರಿಗೆ ಮುಂಬಯಿಯೇ ಉತ್ತರ ಕೊಟ್ಟಿದೆ. ನಮ್ಮ ರಕ್ತದ ಎ, ಬಿ, ಓ ಎಂಬ ಗುಂಪುಗಳೂ ಕೆಂಪುಕಣದ ಮೇಲಣ ಸಕ್ಕರೆಯೆಳೆಗಳ ತುದಿಯನ್ನೇ ಅವಲಂಬಿಸಿವೆ. ತುದಿಯಲ್ಲಿ ಗ್ಯಾಲಕ್ಟೋಸಮೀನಿನ ಒಂದು ರೂಪವಿದ್ದರೆ ಎ, ಗ್ಯಾಲಕ್ಟೋಸಿದ್ದರೆ ಬಿ. ಎರಡೂ ಇಲ್ಲದೆ ಫ್ಯೂಕೋಸಿನಲ್ಲಿಯೇ ನಿಂತರೆ ಓ. ಎ ಗುಂಪಿನ ಒಳಭೇದವನ್ನು ತಿಳಿಯಲು ರಕ್ತಪರೀಕ್ಷೆಯವರು ಬಳಸುವುದೂ ಹುರುಳಿಯ ಲೆಕ್ಟಿನ್ನನ್ನೇ. ೧೯೫೨ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಈ ಮೂರರಲ್ಲಿ ಯಾವುದಕ್ಕೂ ಸೇರದ ರಕ್ತವನ್ನು ವರದಿ ಮಾಡಿದರು. ಅದರಲ್ಲಿ ಆ ಎಳೆಯ ಫ್ಯೂಕೋಸೇ ಇರಲಿಲ್ಲ. ಪ್ರಪಂಚ ಇಂದಿಗೂ ಅದನ್ನು ಬಾಂಬೆ ಗುಂಪು ಎಂದೇ ಕರೆಯುತ್ತದೆ. ಆ ಗುಂಪಿನವರಿಗೆ ಓ ರಕ್ತವೂ ಅಪಾಯ. ಅದೇ ಗುಂಪಿನವರ ರಕ್ತವೇ ಆಗಬೇಕು. ಎಳೆಯ ತುದಿಯ ಒಂದು ಸಕ್ಕರೆ ಮನುಷ್ಯನ ಪ್ರಾಣವನ್ನು ನಿರ್ಧರಿಸಬಲ್ಲುದಾದರೆ, ನೆಲಗಪ್ಪೆಯ ಮೈಯ ಸಕ್ಕರೆಯನ್ನು ಅಲ್ಪವೆಂದು ತಳ್ಳಿಹಾಕುವುದು ಸಲ್ಲದು.

ಕಪ್ಪೆಗಳ ಪಾಲಿಗಂತೂ ಚರ್ಮದ ಕೇಡು ಈ ಕಾಲದ ದೊಡ್ಡ ವಿಪತ್ತಾಗಿದೆ. ೧೯೯೯ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಕೈಟ್ರಿಡ್ ಜಾತಿಯ ಒಂದು ಬೂಷ್ಟು ಕಪ್ಪೆಯ ಚರ್ಮದಲ್ಲಿ ಬೇರೂರಿ, ಅದು ಲವಣಗಳನ್ನು ಒಳಹೊರಗೆ ಸಾಗಿಸುವ ಕ್ರಮವನ್ನು ಕೆಡಿಸುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ. ಈ ರೋಗದಿಂದ ಪ್ರಪಂಚದಲ್ಲಿ ಕನಿಷ್ಠ ೫೦೧ ಜಾತಿಗಳು ಕ್ಷೀಣಿಸಿದುವೆಂದೂ, ಅವುಗಳಲ್ಲಿ ೯೦ ಜಾತಿಗಳು ನಾಶವಾದಂತೆ ತೋರುತ್ತದೆಂದೂ ೨೦೧೯ರಲ್ಲಿ ಲೆಕ್ಕಹಾಕಲಾಯಿತು. ಗೊದಮೊಟ್ಟೆಯಲ್ಲಿ ಈ ಬೂಷ್ಟಿಗೆ ಬಾಯಿಯ ಗಡುಸಾದ ಭಾಗದಲ್ಲಿ ಮಾತ್ರ ನೆಲೆ. ರೂಪಾಂತರದಲ್ಲಿ ಚರ್ಮ ಬದಲಾಗುವಾಗ ಅದು ಮೈಗೆಲ್ಲ ಹರಡುತ್ತದೆ. ಕಪ್ಪೆಯ ಬಾಳಿನಲ್ಲಿ ಅತ್ಯಂತ ದುರ್ಬಲವಾದ ಘಟ್ಟ ಯಾವುದೆಂಬುದು ಇಲ್ಲಿಯೂ ಸ್ಪಷ್ಟವಾಗುತ್ತದೆ.

ನಮ್ಮ ಕೈಯಲ್ಲಿರುವುದು

ಈಗ ನಾವು ಮೊದಲಿಗೆ ಹೇಳದೆ ಬಿಟ್ಟ ಎರಡನೆಯ ಕಾರಣಕ್ಕೆ ಬರೋಣ. ಮಳೆಗಾಲದಲ್ಲಿ ಪಾತ್ರೆ ತೊಳೆಯುವ ಕಡೆಗೆ ನೆಲಗಪ್ಪೆ ಬಂದರೆ ಕೆಲವರು ಹಿಡಿಯುಪ್ಪನ್ನು ಎರಚುವರು. ಇನ್ನು ಕೆಲವರು ಬ್ಲೀಚಿಂಗ್ ಪುಡಿಯನ್ನೋ ಫಿನೈಲನ್ನೋ ಸುರಿಯುವರು. ನಾವು ನಡೆಸುತ್ತಿದ್ದ ಹೋಟೆಲಿನಲ್ಲಿಯೂ ಹುಡುಗರು ಹೀಗೆ ಮಾಡುವುದನ್ನು ಕಂಡು ತಡೆದಿದ್ದೇವೆ. ಅವರಲ್ಲಿ ಕ್ರೌರ್ಯವಿರಲಿಲ್ಲ, ಉಪ್ಪು ಹಾಕಿದರೆ ಅದು ಓಡಿಹೋಗುತ್ತದೆಂದಷ್ಟೇ ಅವರ ತಿಳಿವಳಿಕೆ. ನಿಜವಾಗಿ ಆಗುವುದು ಬೇರೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿದಾಗ ನೀರು ಬಿಡುವಂತೆ, ಆ ತೆಳುಚರ್ಮದ ಮೂಲಕ ಮೈಯೊಳಗಣ ನೀರು ಹೊರಕ್ಕೆ ಎಳೆಯಲ್ಪಡುತ್ತದೆ, ಉಪ್ಪು ಒಳಕ್ಕಿಳಿಯುತ್ತದೆ. ಕುಡಿಯುವ ಬಾಯಿಯೂ ಉಸಿರಿನ ದಾರಿಯೂ ಆಗಿರುವ ಚರ್ಮಕ್ಕೆ ಉರಿಯುವ ಪುಡಿಯನ್ನು ಹಾಕಿದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಬಲಿತ ಕಪ್ಪೆಯ ಗತಿಯೇ ಹೀಗಾದರೆ, ಹೊಸದಾಗಿ ನೆಲಕ್ಕೆ ಬಂದ, ಹ್ರಸ್ವವಾದ ಲೋಳೆಯೊಂದನ್ನೇ ನಂಬಿದ, ಬೆರಳುಗುರಿನಷ್ಟಿರುವ ಮರಿಯ ಪಾಡೇನು?

ಹಾಗೆಂದು ಅಡುಗೆಮನೆಯಲ್ಲಿ ಕಪ್ಪೆಗೆ ಸ್ಥಳ ಕೊಡಿರೆಂದು ನಾವು ಹೇಳುತ್ತಿಲ್ಲ. ಆಹಾರ ತಯಾರಾಗುವ ಸ್ಥಳಕ್ಕೆ ಅದು ಬರಕೂಡದು. ಗಿರಾಕಿಯ ದೃಷ್ಟಿಯಿಂದಲೂ ಶುಚಿತ್ವದ ದೃಷ್ಟಿಯಿಂದಲೂ ಅದು ಸರಿಯಲ್ಲ. ಆದರೆ ಅದಕ್ಕೆ ಉಪ್ಪು ಬೇಕಾಗಿಲ್ಲ. ಮೋರಿಯ ಬಾಯಿಗೂ ಬಾಗಿಲ ಸಂದಿಗೂ ಸಣ್ಣಕಣ್ಣಿನ ಜಾಳಿಗೆಯನ್ನು ಹಾಕಿಸಿದರೆ ಒಳಬರುವ ದಾರಿಯೇ ಮುಚ್ಚುತ್ತದೆ. ಬಂದುದನ್ನು ಕಸ ತೆಗೆಯುವ ಮೊರಕ್ಕೆ ಪೊರಕೆಯಿಂದ ಮೆಲ್ಲನೆ ಸರಿಸಿ, ಹಿತ್ತಲಿನ ಗಿಡದ ಬುಡದಲ್ಲಿ ಒದ್ದೆ ಮಣ್ಣಿರುವೆಡೆ ಬಿಟ್ಟುಬರಬಹುದು. ಮುಟ್ಟಲೇಬೇಕಾದರೆ ಕೈಯನ್ನು ಮೊದಲು ಸಾದಾ ನೀರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು. ಒಣಕೈ ಅದರ ಲೋಳೆಯನ್ನು ಒರೆಸಿಬಿಡುತ್ತದೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ತೊಳೆಯುವ ಮುನ್ನ ಕಣ್ಣುಬಾಯಿಗೆ ಕೈ ತಾಗಿಸಬಾರದು. ಬಲಿತ ಕಪ್ಪೆಯಲ್ಲಿ ವಿಷವಿರುವುದನ್ನು ಮೇಲೆ ಹೇಳಿದ್ದೇವಷ್ಟೆ. ಬಿಟ್ಟ ನೆಲಗಪ್ಪೆ ಹಿತ್ತಲಿನಲ್ಲಿದ್ದುಕೊಂಡು ಇರುವೆ, ಗೆದ್ದಲು, ಜೀರುಂಡೆಗಳನ್ನು ತಿನ್ನುತ್ತ ನಮ್ಮ ಕೆಲಸವನ್ನೇ ಸಂಬಳವಿಲ್ಲದೆ ಮಾಡುತ್ತದೆ.

ಮಳೆ ಹಿಡಿದು ಕೆಲವು ವಾರಗಳು ಕಳೆದ ಮೇಲೆ, ನೀರು ನಿಂತ ಗುಂಡಿಯ ಸುತ್ತ ನೊಣಗಳಷ್ಟು ಚಿಕ್ಕ ಮರಿಗಪ್ಪೆಗಳು ನೂರಾರು ಸಂಖ್ಯೆಯಲ್ಲಿ ನೆಲಕ್ಕೆ ಏರಿ ಬರುವುದನ್ನು ವಾಚಕರು ಕಾಣಬಹುದು. ಅವುಗಳ ಬೆನ್ನಿನಲ್ಲಿ ಇನ್ನೂ ಗಂಟಿಲ್ಲ, ಮೈಯಲ್ಲಿ ಸಾಕಷ್ಟು ವಿಷವಿಲ್ಲ. ತೇವವಾದ ಒಂದು ಹೊಳಪು ಮಾತ್ರವಿದೆ. ಆ ಹೊಳಪೇ ಈ ಲೇಖನದಲ್ಲಿ ನಾವು ಹೇಳಿದ ಸಕ್ಕರೆ. ಅದು ಒಣಗದಂತೆ ಅವು ಹುಲ್ಲಿನ ನೆರಳನ್ನು ಸೇರುವವರೆಗೆ ಕಾಲನ್ನು ನೋಡಿ ಇಟ್ಟರೆ ಸಾಕು.